ವತ್ತಲಗುಂಡಿನಿಂದ ಇಪ್ಪತ್ತು ಕಲ್ಲು

ಇದು ಹನ್ನೊಂದನೆಯ ಮೈಲಿಗಲ್ಲೋ ಹನ್ನೆರಡನೆಯದೋ, ಹುಣಸೆ ಮರದ ಬುಡದಲ್ಲಿ ಸುಣ್ಣ ಬಳಿದುಕೊಂಡು ನಿಂತಿದೆ ಹಾಳಾದ್ದು, ಮೇಲೆ ಬರೆದದ್ದನ್ನು ಓದಲು ಚೆಲ್ಲಮ್ಮಾಳಿಗೆ ಬಂದರೆ ತಾನೆ, ಒಂದೊಂದು ಕಲ್ಲಿಗೆ ಸೆರಗಿಗೊಂದು ಗಂಟು ಹಾಕುತ್ತ ಬಂದಿದ್ದಾಳೆ, ತಡವಿ ನೋಡಿದಳು, ಹನ್ನೆರಡು, ಹಾಗಾದರೆ ಇನ್ನು ಎಂಟು, ವತ್ತಲಗುಂಡಿನಿಂದ ದಿಂಡಿಗಲ್ಲಿಗೆ ಇಪ್ಪತ್ತು ಅಂತ ಛತ್ರದವನು ಹೇಳಿದ್ದ, ಹೊತ್ತು ನೆತ್ತಿ ದಾಟಿ ವಾಲಿದೆ, ರೈಲು ಹೊರಡುವುದು ದೀಪ ಹಚ್ಚುವ ಹೊತ್ತಿಗೆ, ಕಾಲು ಹಾಕು ಚೆಲ್ಲೀ, ಹಿಮ್ಮಡಿ ಒಡೆದರೆ ಒಡೆಯಲಿ. ಇನ್ನು ನಾಲ್ಕೇ ದಿನ ಅವ್ವಾ, ಗಂಡ ನನ್ನ ದಿಂಡಿಗಲ್ಲಲ್ಲಿ ರೈಲು ಹತ್ತಿಸಿ ಕಡಲಾಚೆ ಕಂಡಿಸೀಮೆ ಚಹಾ ತೋಟಕ್ಕೆ ಕರಕೊಂಡು ಓಗ್ತಾನೆ, ನೀ ಬಂದು ಇಳಿ ಅಂದ್ರೆ ಇಳಿದುಬುಡ್ತೀನಿ, ಹಾಗಂತ ಮಗಳು ಪಿಚ್ಚಿ ವೀಳ್ಯದೆಲೆ ವ್ಯಾಪಾರಿಯ ಬಾಯಲ್ಲಿ ಹೇಳಿ ಕಳಿಸಿದ್ದಳು, ಗೂಡಲೂರಿನಿಂದ ನಾಲ್ಕೇ ದಿನದ ದಾರಿ ಅಂತ ತಮ್ಮ ಅಯ್ಯಾವು ಶುಕ್ರವಾರ ಬೆಳಿಗ್ಗೆಯೇ ಬಂಡಿ ಕಟ್ಟಿದ, ನಾಲ್ಕನೇ ದಿನ ಸೋಮವಾರ ಎಂದು ಇಬ್ಬರಿಗೂ ಹೊಳೆಯಲಿಲ್ಲ, ಎಲ್ಲಿ ಹೊಳೆಯಬೇಕು, ಹುಟ್ಟಿದಂದಿನಿಂದ ಸೋಮವಾರ ಎತ್ತಿನ ಕೊರಳಿಗೆ ನೊಗ ಇಟ್ಟವರಲ್ಲ, ದಾರಿ ಎಣಿಸುವಾಗ ಆ ದಿನ ದಿನವೇ ಅಲ್ಲ. ರೈಲಿನವನಿಗೆ ಸೋಮವಾರ ಉಂಟೇ, ಅವನ ಬಂಡಿಗೆ ಬಸವನೂ ಇಲ್ಲ ಬಾಲವೂ ಇಲ್ಲ. ಕಟ್ಟಕೂಡ್ದಕ್ಕಾ, ನಾಳೆ ಕೋಳಿ ಕೂಗೋಕೆ ಮುಂಚೆ ಕಟ್ತೀನಿ, ಬೆಳಿಗ್ಗೆ ವತ್ತಲಗುಂಡಿನ ಛತ್ರದಲ್ಲಿ ಅಯ್ಯಾವು ಎತ್ತಿನ ಮೈ ತಿಕ್ಕುತ್ತ ಅಳುತ್ತಿದ್ದ, ಅಲ್ಲಿದ್ದ ಬೇರೆಯವರ ಬಂಡಿಗಳೆಲ್ಲ ಹಿಂದಕ್ಕೆ, ಪೆರಿಯಕುಳಂ ಕಡೆ ಹೋಗುವವು, ಅವನನ್ನು ಬಯ್ದು ಏನು ಬಂತು, ಕಟ್ಟು ಅಂತ ತಾನಾದರೂ ಬಾಯಿಬಿಟ್ಟು ಅಂದಳೇ, ಎತ್ತಿನ ಮುಖ ನೋಡಿದಳು, ನಾಲಿಗೆ ಏಳಲಿಲ್ಲ, ಎದ್ದು ನಡೆದುಬಿಟ್ಟಳು.

ಹದಿನಾರು, ಹದಿನೇಳು, ಗಂಟಲು ಒಣಗಿದೆ, ಅಂದೂ ನಾಲಿಗೆ ಏಳಬಾರದಿತ್ತು, ರಾಗಿ ಕುಯ್ಲಿನ ಹೊತ್ತಿಗೆ ಪಿಚ್ಚಿ ಬೆನ್ನ ತುಂಬ ಗಂಡ ಹೊಡೆದ ಬರೆ ಹೊತ್ತು ಬಂದಾಗ, ಎಣ್ಣೆ ಹಚ್ಚಿದಳು, ಉಣ್ಣಿಸಿದಳು, ಮಾರನೇ ದಿನ ತಾನೇ ಬಂಡಿ ಹತ್ತಿಸಿದಳು, ಬಾಳೋ ಮನೆಗೆ ಓಗಮ್ಮಾ, ಊರು ಏನಂತದೆ, ಊರಂತೆ ಊರು, ಥೂ, ಆ ಊರಲ್ಲಿ ಒಬ್ಬಳಾದರೂ ಈ ಬಿಸಿಲಿಗೆ ಬಂದಿದ್ದಾಳೆಯೇ, ಪಿಚ್ಚಿ ಆವತ್ತು ತಿರುಗಿಯೂ ನೋಡಲಿಲ್ಲ. ಇಪ್ಪತ್ತು, ದಿಂಡಿಗಲ್ಲು ಬಂತು, ರಯಿಲಡಿ ಎಂಗಪ್ಪಾ, ರೈಲು ನಿಲ್ಲುವ ಜಾಗ ಎಲ್ಲಿ ಅಂತ ದಾರಿಹೋಕನನ್ನು ಕೇಳಿದಳು, ನೇರಾ ಪೋ ಆತ್ತಾ, ನೇರ ಹೋಗು ಅಂದ, ಓಡು, ಹೊಗೆ ಕಾಣುತ್ತಿದೆ, ಓಡು.

ಜನ, ಮೂಟೆ, ಅಳುವ ಕೂಸುಗಳು, ಪಿಚ್ಚೀ, ಏ ಪಿಚ್ಚೀ, ಅಗೋ ಅಲ್ಲಿದ್ದಾಳೆ, ಗಂಡ ಒಳಗೆ ಗಂಟು ಇಡುತ್ತಿದ್ದಾನೆ, ಇವಳು ಬಾಗಿಲ ಕಂಬಿ ಹಿಡಿದು ಒಂದು ಕಾಲು ಹೊರಗಿನ ಮೆಟ್ಟಲಿಗೆ ಇಟ್ಟಳು, ಅಲ್ಲೇ ನಿಂತಳು, ತಾಯಿಯ ಹಿಂದೆ ಯಾರಿದ್ದಾರೆಂದು ನೋಡುತ್ತಿದ್ದಾಳೆ. ಮಾವ ಬರಲಿಲ್ವಾ ಅವ್ವಾ, ಬಂಡಿ ಎಲ್ಲಿ. ಸೋಮವಾರ ಅಲ್ವಾ ಮಗಳೇ, ಎತ್ತು ಕಟ್ಟಕೂಡ್ದು. ಪಿಚ್ಚಿ ನಕ್ಕಳು, ಅಯ್ಯೋ ಆ ನಗು, ಎತ್ತಿಗಾದ್ರೂ ಬಿಡುವು ಅಂತ ಒಂದು ದಿನ ಇಟ್ಟವ್ರೆ ಅವ್ವಾ. ಸೀಟಿ ಊದಿತು, ಇಳಿ ಅನ್ನಬೇಕು, ಅನ್ನುತ್ತಿದ್ದಾಳೆ, ಸದ್ದೇ ಬರುತ್ತಿಲ್ಲ, ಎರಡೂ ಕೈಯಲ್ಲಿ ಆ ಕಾಲು ಹಿಡಿದಳು, ಹೆತ್ತ ತಾಯಿ ಮಗಳ ಕಾಲು ಹಿಡಿದಿದ್ದಾಳೆ, ನೋಡುವವರು ನೋಡಲಿ, ತಣ್ಣಗಿದೆ ಕಾಲು, ಬೆರಳ ಕಾಲುಂಗುರ ಅಂಗೈಗೆ ಒತ್ತುತ್ತಿದೆ, ಒಳಗೆ ಎಳೆದುಕೊಳ್ಳುತ್ತಿಲ್ಲ, ನೆಲಕ್ಕೂ ಬರುತ್ತಿಲ್ಲ, ಆ ಕಾಲು, ಕೈಯೊಳಗೆ ಆ ಕಾಲು