ಹಾಸ್ಟೆಲಿನ ನೀಲಿ ಬಕೆಟ್ಟು

ನಾನೊಂದು ಪ್ಲಾಸ್ಟಿಕ್ ಬಕೆಟ್ಟು. ಹುಬ್ಬಳ್ಳಿಯ ಹೊರವಲಯದ ಕಾರ್ಖಾನೆಯೊಂದರಲ್ಲಿ, ಮೇ ತಿಂಗಳ ಒಂದು ಮಧ್ಯಾಹ್ನ, ಪೂರ್ತಿ ಒಂದು ನಿಮಿಷವೂ ಹಿಡಿಯದೆ ಹುಟ್ಟಿದೆ. ಒಡೆದ ಕುರ್ಚಿ, ತೂತುಬಿದ್ದ ಕೊಡ, ಹಳೆಯ ಕ್ಯಾನುಗಳನ್ನು ಪುಡಿ ಮಾಡಿ, ಹೊಸ ಪ್ಲಾಸ್ಟಿಕ್ ಕಾಳು ಬೆರೆಸಿ, ಕರಗಿಸಿ ಅಚ್ಚಿಗೆ ಒತ್ತಿದರು. ಅಚ್ಚು ತೆರೆದಾಗ ನಾನಿದ್ದೆ. ನನ್ನ ಬೆನ್ನಿಗೇ ನನ್ನಂಥದೇ ಇನ್ನೊಂದು. ಸಂಜೆ ಒಂದರೊಳಗೊಂದನ್ನು ತೂರಿಸಿ ಲಾರಿಗೆ ಹೇರಿದರು. ನನ್ನ ಬದುಕಿನಲ್ಲಿ ಯಾರಿಗಾದರೂ ಅಷ್ಟು ಅಂಟಿಕೊಂಡು ಇದ್ದದ್ದು ಅದೊಂದೇ ಸಲ.

ಧಾರವಾಡದಲ್ಲಿ ಒಂದು ಹುಡುಗಿಯರ ಹಾಸ್ಟೆಲಿನ ಎದುರಿನ ಅಂಗಡಿಯಲ್ಲಿ ನನ್ನನ್ನು ಹಗ್ಗಕ್ಕೆ ತೂಗುಹಾಕಿದ್ದರು. ಜೂನ್ ತಿಂಗಳಲ್ಲಿ ಬೆಳಗಾವಿಯಿಂದ ನಿವೇದಿತಾ ಎಂಬ ಹುಡುಗಿ ಅಪ್ಪನ ಜೊತೆ ಬಂದಳು. ಗಾದಿ, ದಿಂಬು, ಮಗ್ಗು, ಕಸಬರಿಗೆ, ನಾನು, ಎಲ್ಲವನ್ನೂ ಹತ್ತೇ ನಿಮಿಷದಲ್ಲಿ ಕೊಂಡರು. ನಿವೇದಿತಾ ಒಳ್ಳೆಯ ಹುಡುಗಿ. ಉಗುರಿನ ಬಣ್ಣದಲ್ಲಿ ನನ್ನ ಮೈಮೇಲೆ ತನ್ನ ಹೆಸರು ಬರೆದಳು. ಇಲ್ಲೇ ಇರಲು ಬಂದವಳು ಅಂದುಕೊಂಡೆ. ಆದರೆ ಮರುವರ್ಷದ ಪರೀಕ್ಷೆ ಮುಗಿದ ದಿನವೇ ಆಕೆ ಬೇರೆ ಊರಿನ ಕಾಲೇಜಿಗೆ ಹೊರಟಳು. ಕಾರಿನ ಡಿಕ್ಕಿ ತೆರೆದು ನಿಂತ ಅಪ್ಪ, "ಬಕೀಟ್ ಯಾಕ ಹೊತ್ಕೊಂಡು ಹೋಗೋದು? ಬಿಡು, ಅಲ್ಲೇ ಹೊಸಾದು ತಗೊಂಡ್ರಾತು" ಎಂದರು. ಆಕೆ ಹಿಂತಿರುಗಿಯೂ ನೋಡಲಿಲ್ಲ. ನೋಡಬೇಕೆಂದು ಆಕೆಗೆ ತೋಚಿರಲಿಕ್ಕಿಲ್ಲ.

ಬಿಟ್ಟುಹೋದ ಸಾಮಾನನ್ನೆಲ್ಲ ಮಾಳಿಗೆಯ ಮೇಲೆ ರಾಶಿ ಹಾಕುತ್ತಿದ್ದರು. ಅಲ್ಲಿ ನನ್ನಂಥ ಬಕೆಟ್ಟುಗಳು ಅರವತ್ತಕ್ಕೂ ಹೆಚ್ಚಿದ್ದವು. ಪ್ರತಿಯೊಂದರ ಮೇಲೂ ಒಬ್ಬೊಬ್ಬ ಹುಡುಗಿಯ ಹೆಸರು. ಬಿಸಿಲಿಗೆ ನನ್ನ ಬಣ್ಣ ಮಾಸಿತು, ಅಂಚು ಬಿರುಸಾಯಿತು. ಆಗಾಗ ಕಸ ಗುಡಿಸುವ ಕಾಸಿಂಬಿಗೆ ರಾಶಿ ಸುಡಲು ಹೇಳುತ್ತಿದ್ದರು. ಕಾಸಿಂಬಿ ಐವತ್ತು ದಾಟಿದ ಹೆಂಗಸು. ಸೆರಗನ್ನು ಮೂಗಿಗೆ ಒತ್ತಿಕೊಂಡೇ ಬೆಂಕಿ ಹಚ್ಚುತ್ತಿದ್ದಳು. ಕಪ್ಪು ಹೊಗೆ ಪಕ್ಕದ ಓಣಿಯ ಮನೆಗಳ ಕಡೆ ಹೋಗುತ್ತಿತ್ತು. ರಾತ್ರಿಯಿಡೀ ಕೆಮ್ಮುತ್ತೇನೆಂದು ಆಕೆ ಹೇಳಿದರೂ ಕೇಳುವವರಿರಲಿಲ್ಲ. ಕಡೆಗೊಂದು ದಿನ, "ಇಷ್ಟು ಗಟ್ಟಿ ಅದಾವ, ಇವನ್ನ ಹ್ಯಾಂಗ ಸುಡ್ಲಿ?" ಎಂದು ತನಗೆ ತಾನೇ ಹೇಳಿಕೊಂಡು, ನಾಲ್ಕು ಬಕೆಟ್ಟುಗಳನ್ನು ನೀರಿನ ಟಾಕಿಯ ಹಿಂದೆ ಬಚ್ಚಿಟ್ಟಳು. ಅವುಗಳಲ್ಲಿ ನಾನೂ ಒಂದು.

ಕಾಲೇಜು ಶುರುವಾಗಿ ತಿಂಗಳ ಮೇಲೆ ದ್ರಾಕ್ಷಾಯಣಿ ಬಂದಳು. ಗದಗದವಳು. ಅಪ್ಪ ಮದುವೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುವವರು. ಸಾಲು ಮದುವೆಗಳಾದ ಮೇಲೆಯೇ ಬಿ.ಎಸ್ಸಿ. ಫೀಯ ಮೊದಲ ಕಂತು ಕಟ್ಟಲು ಆದದ್ದು. ಮೈತೊಳೆಯಲು ಏನಾದರೂ ಸಿಕ್ಕೀತೇ ಎಂದು ಆಕೆ ಕೇಳಿದಾಗ ಕಾಸಿಂಬಿ ನನ್ನನ್ನು ತಂದುಕೊಟ್ಟಳು.

ದ್ರಾಕ್ಷಾಯಣಿ ಬ್ಲೇಡು ಹಿಡಿದು ನಿವೇದಿತಾಳ ಹೆಸರನ್ನು ಕೆರೆದಳು. ಪೂರ್ತಿ ಹೋಗಲಿಲ್ಲ. ಕೋಣೆಯ ಹುಡುಗಿಯರು, "ಯಾರ್ದ ಇದು? ಕಸದಾಗಿಂದು ತಂದೀ?" ಎಂದು ನಕ್ಕರು. ಅಂದಿನಿಂದ ಆಕೆ ಎಲ್ಲರಿಗಿಂತ ಮೊದಲೆದ್ದು ಜಳಕ ಮುಗಿಸುತ್ತಿದ್ದಳು. ಯಾರೂ ನೋಡಬಾರದಲ್ಲ. ಕೆಲವೊಮ್ಮೆ ನಲ್ಲಿ ಜೋರಾಗಿ ಬಿಟ್ಟು ಅಳುತ್ತಿದ್ದಳು. ಆದರೆ ನಾನು ತುಂಬಿ ಚೆಲ್ಲುವ ಮೊದಲೇ ನಲ್ಲಿ ನಿಲ್ಲಿಸುವಳು, ಅಳುವನ್ನೂ ನಿಲ್ಲಿಸುವಳು. ಆ ನೀರಿನಲ್ಲೇ ಬಟ್ಟೆ ಒಗೆಯುವಳು. ನಮ್ಮಿಬ್ಬರಿಗೂ ಆ ಹಾಸ್ಟೆಲಿನಲ್ಲಿ ಬೇರೆ ಗೆಳತಿಯರಿರಲಿಲ್ಲ.

ಮೊದಲ ವರ್ಷ ಮುಗಿಯುವಾಗ ಮಾಳಿಗೆಯ ಮೇಲೆ ಮತ್ತೆ ರಾಶಿ ಬಿತ್ತು. ಕಾಸಿಂಬಿಯ ಕೆಮ್ಮು ಕೇಳಿದ್ದ ದ್ರಾಕ್ಷಾಯಣಿ ನೇರ ವಾರ್ಡನ್ ಬಳಿ ಹೋದಳು. "ಮೇಡಂ, ಹೋಗೋರ ಸಾಮಾನು ತೊಳದು ಒಂದ್ ಖೋಲಿಯೊಳಗ ಇಡ್ತೀನ್ರಿ. ಬರೋರಿಗೆ ಬೇಕಾದ್ರ ಒಯ್ಯಲಿ. ಸುಡೂದು ತಪ್ಪತೈತಿ" ಎಂದಳಂತೆ. ವಾರ್ಡನ್ ಕೆಳಗಿನ ಖಾಲಿ ಖೋಲಿಯ ಕೀಲಿ ಕೊಟ್ಟರು. ರಜೆಯಲ್ಲಿ ನಾಲ್ಕು ದಿನ ಉಳಿದು ಆಕೆ ಬಕೆಟ್ಟು, ಗಾದಿ, ಟೇಬಲ್ ದೀಪ, ಪುಸ್ತಕಗಳನ್ನೆಲ್ಲ ಒರೆಸಿ ಜೋಡಿಸಿದಳು. ನೀರು ಹೊತ್ತು ಹೊತ್ತು ನನ್ನ ಹಿಡಿಕೆ ಸಡಿಲಾಯಿತು. ಜೂನಿನಲ್ಲಿ ಒಬ್ಬ ತಾಯಿ ಬಾಗಿಲಲ್ಲೇ ನಿಂತು, "ಯಾರೋ ಜಳಕಾ ಮಾಡಿದ್ದು ನಮ್ಮ ಹುಡುಗಿಗೆ ಬ್ಯಾಡವಾ" ಎಂದು ಮುಖ ತಿರುಗಿಸಿದಳು. ದ್ರಾಕ್ಷಾಯಣಿ ತಲೆ ತಗ್ಗಿಸಿದಳು. ಆದರೂ ಹತ್ತೊಂಬತ್ತು ಹುಡುಗಿಯರು ಆ ಖೋಲಿಯಿಂದ ಸಾಮಾನು ಒಯ್ದರು. ಆ ವರ್ಷ ಮಾಳಿಗೆಯಿಂದ ಹೊಗೆ ಏಳಲಿಲ್ಲ.

ಎರಡನೆಯ ವರ್ಷದ ಕೊನೆಗೆ ಹಾಸ್ಟೆಲ್ ಫೀ ಏರಿತು. ಅದೇ ವಾರ ಆಕೆಯ ಅಪ್ಪನಿಗೆ ಮುಖಕ್ಕೆ ಪಾರ್ಶ್ವವಾಯು ಬಡಿದು ಬಾಯಿ ವಾರೆಯಾಯಿತು. ತುಟಿ ಕೂಡದವರು ಕ್ಲಾರಿನೆಟ್ ಊದುವುದು ಹೇಗೆ? ಅವ್ವನ ಫೋನು ಬಂದಾಗ ದ್ರಾಕ್ಷಾಯಣಿ ಬಚ್ಚಲಿಗೆ ಬಂದು ಚಿಲಕ ಹಾಕಿ, ನನ್ನನ್ನು ಬೋರಲು ಹಾಕಿ ಮೇಲೆ ಕುಳಿತಳು.

"ನೀ ಚಿಂತಿ ಮಾಡಬ್ಯಾಡ ಯವ್ವಾ. ಅಪ್ಪನ ಔಷಧ ಮೊದಲ. ನಾ ಕಾಲೇಜ್ ಬಿಟ್ಟು ಬರ್ತೀನಿ. ಅಲ್ಲೇ ಬಟ್ಟಿ ಅಂಗಡ್ಯಾಗ ಕೆಲಸ ಸಿಗತೈತಿ."

ಅವತ್ತು ಆಕೆ ನಲ್ಲಿ ಬಿಟ್ಟಿರಲಿಲ್ಲ. ಪಕ್ಕದ ಬಚ್ಚಲು ತಿಕ್ಕುತ್ತಿದ್ದ ಕಾಸಿಂಬಿಗೆ ಎಲ್ಲ ಕೇಳಿಸಿತು. ಬಾಗಿಲು ಬಡಿದಳು.

"ಹೊರಗ ಬಾ. ಕಾಲೇಜ್ ಬಿಡ್ತೀಯೇನು? ನಿನಗ ಭಾರ ಆಗಿದ್ದು ಹಾಸ್ಟೆಲ್ಲು, ಕಾಲೇಜ್ ಅಲ್ಲ. ಹಾಸ್ಟೆಲ್ ಬಿಡು."

"ದಿನಾ ಗದಗಿಂದ ಹ್ಯಾಂಗ ಬರ್ಲಿ ಚಾಚಿ?"

"ರೈಲಿಗೆ ಪಾಸ್ ಮಾಡಸು. ನನ್ನ ತಂಗಿ ಮಗಳು ಹಂಗ ಓದಿದ್ಲು. ರೈಲಿನ್ಯಾಗ ಓದ್ಕೊಂತ ಬರ್ತಿದ್ಲು."

ದ್ರಾಕ್ಷಾಯಣಿ ಚಿಲಕ ತೆಗೆದಳು. ಆಮೇಲೆ ಮೂಗು ಒರೆಸಿಕೊಂಡು, "ಬೆಳಗಿನ ರೈಲು ಎಷ್ಟಕ್ಕೈತಿ?" ಎಂದು ಕೇಳಿದಳು.

ನನಗೆ ಎದೆ ಇದ್ದಿದ್ದರೆ ಆಗಲೇ ಒಡೆಯುತ್ತಿತ್ತು. ಆಕೆಯ ಓದು ಉಳಿಯಿತು. ಆದರೆ ದಿನಾ ಮನೆಯಿಂದ ಬರುವವಳಿಗೆ ಬಕೆಟ್ಟು ಯಾತಕ್ಕೆ? ಗಂಟುಮೂಟೆ ಕಟ್ಟಿದ ದಿನ ನನ್ನನ್ನು ಸೋಪು ಹಾಕಿ ತಿಕ್ಕಿ ತೊಳೆದು ಕಾಸಿಂಬಿಯ ಕೈಗಿಟ್ಟಳು. "ಇದನ್ನ ಸುಡಬ್ಯಾಡ ಚಾಚಿ" ಎಂದಳು. ಹೋಗುವಾಗ ಎರಡು ಸಲ ತಿರುಗಿ ನೋಡಿದಳು.

ಅಂದಿನಿಂದ ಕಾಸಿಂಬಿಯ ಮನೆಯ ಅಂಗಳದಲ್ಲಿದ್ದೇನೆ. ಮೂರನೆಯ ವರ್ಷ ದ್ರಾಕ್ಷಾಯಣಿ ಆಗೊಮ್ಮೆ ಈಗೊಮ್ಮೆ ಮಧ್ಯಾಹ್ನ ಬಂದು, ಕಾಸಿಂಬಿಯೊಡನೆ ಕುಳಿತು ಬುತ್ತಿಯ ರೊಟ್ಟಿ ತಿಂದು ಹೋಗುತ್ತಿದ್ದಳು. ಒಂದು ದಿನ ಪೇಢೆ ತಂದಳು. ಪಾಸಾಗಿದ್ದಳು. ಗದಗದಲ್ಲೇ ಒಂದು ಪ್ರಯೋಗಾಲಯದಲ್ಲಿ ನೀರು ಪರೀಕ್ಷಿಸುವ ಕೆಲಸ ಸಿಕ್ಕಿತ್ತು. ಕಾಸಿಂಬಿ ಆಕೆಯ ಮುಖ ಸವರಿ ನೆಟಿಕೆ ಮುರಿದಳು. ಅದಾದ ಮೇಲೆ ಆಕೆ ಈ ಕಡೆ ಬಂದಿಲ್ಲ. ಕೆಲಸದವರಿಗೆ ರಜೆ ಎಲ್ಲಿಯದು?

ಹಾಸ್ಟೆಲಿನ ಆ ಖೋಲಿಗೆ ಬೀಗ ಬಿದ್ದಿದೆಯಂತೆ. ನೋಡಿಕೊಳ್ಳುವವರಿಲ್ಲ. ಕಾಸಿಂಬಿಯೂ ಕೆಲಸ ಬಿಟ್ಟು ಮಗಳ ಮನೆ ಸೇರಿದ್ದಾಳೆ. ಹೋಗುವ ದಿನ ನನ್ನನ್ನೂ ಆಟೋದಲ್ಲಿಟ್ಟಳು, ಜಾಗ ಸಾಲದೆ ಮತ್ತೆ ಈ ಅಂಗಳದಲ್ಲೇ ಇಳಿಸಿದಳು. ನನ್ನ ತಳ ಸೀಳಿದೆ. ನೀರು ನಿಲ್ಲುವುದಿಲ್ಲ.

ಮನುಷ್ಯರು ನನ್ನನ್ನು ಬಳಸಿದ್ದು ಕೆಲವೇ ವರ್ಷ. ನಾನು ಕೊಳೆಯುವುದಿಲ್ಲ, ಮಣ್ಣಾಗುವುದೂ ಇಲ್ಲ. ದ್ರಾಕ್ಷಾಯಣಿಗೆ ವಯಸ್ಸಾಗಿ, ಆಕೆಯ ಮೊಮ್ಮಕ್ಕಳಿಗೂ ವಯಸ್ಸಾದ ಮೇಲೂ ನಾನು ಎಲ್ಲೋ ಒಂದು ಕಡೆ ಹೀಗೇ ಇರುತ್ತೇನೆ. ಇಷ್ಟು ಉದ್ದದ ಆಯುಷ್ಯವನ್ನು ಯಾರೂ ನನ್ನನ್ನು ಕೇಳಿ ಕೊಟ್ಟದ್ದಲ್ಲ. ಕೊಡುವ ಮೊದಲು ಕೇಳಿದ್ದರೆ ಹೇಳುತ್ತಿದ್ದೆ: ನನ್ನನ್ನು ಒಂದೇ ಮನೆಗೆ, ಒಂದೇ ಕೈಗೆ, ಸೀಳುವ ತನಕ ಕೊಡಿ.