ಗೋಡೆಯ ಹೊಟ್ಟೆಯೊಳಗಿನ ರಾಜ

ನಿನೆವೆಯ ಉಪವಾಸದ ಮೂರನೆಯ ದಿನ. ಪ್ರವಾದಿ ಯೋನನ ಮಾತಿಗೆ ಹೆದರಿ ನಮ್ಮ ಪೂರ್ವಿಕರು ಹಿಡಿದ ಉಪವಾಸವದು, ನಮ್ಮೂರಲ್ಲಿ ಇಂದಿಗೂ ಯಾರೂ ತಪ್ಪಿಸುವುದಿಲ್ಲ. ನಾನೂ ಹನಿ ನೀರು ಮುಟ್ಟಿರಲಿಲ್ಲ. ಆದರೂ ಹಳೆಯ ನಿನೆವೆ ಹೂತುಹೋದ ದಿಬ್ಬದ ಮೇಲೆ ಗುದ್ದಲಿ ಹಿಡಿದೇ ನಿಂತಿದ್ದೆ.

ಉತ್ಖನನದಲ್ಲಿ ಮಣ್ಣು ಅಗೆಯಬಹುದು, ಹಳೆಯ ಗೋಡೆ ಕಡಿಯಬಾರದು. ನಾನು ಮಾತ್ರ ಅರಮನೆಯ ಮೂಲೆಗೋಡೆಯನ್ನೇ ಕಡಿಯೋಣ ಎಂದು ಹಟ ಹಿಡಿದೆ. ಆ ಕಾಲದ ಅಸ್ಸೀರಿಯದ ರಾಜರು ತಮ್ಮ ಪ್ರತಾಪ ಬರೆಸಿ ಗೋಡೆಯೊಳಗೇ ಹೂಳಿಸುತ್ತಿದ್ದರು. ಅಲ್ಲಿ ಒಂದು ಕಡೆ ಇಟ್ಟಿಗೆಯ ವರಸೆ ತಪ್ಪಿತ್ತು. ಇಪ್ಪತ್ತೆರಡು ವರ್ಷ ಗುದ್ದಲಿ ಹಿಡಿದ ಕೈಗೆ ಅಷ್ಟೂ ತಿಳಿಯದೇ?

"ಖೋಶಾಬಾ, ಹಸಿವು ತಲೆಗೇರಿದೆ ನಿಂಗೆ!" ಮೇಸ್ತ್ರಿ ಜರ್ಜೀಸ್ ಎಲ್ಲರೆದುರು ನಕ್ಕ. "ಸರಿ, ಕಡಿ. ಸಂಜೆಯೊಳಗೆ ಏನೂ ಸಿಗ್ಲಿಲ್ಲ ಅಂದ್ರೆ ಗುದ್ದಲಿ ಕೊಟ್ಟು ಬುಟ್ಟಿ ಹೊರು."

ಬುಟ್ಟಿಯಂತೆ ಬುಟ್ಟಿ! ನನ್ನ ಹತ್ತಿರ ಕೆಲಸ ಕಲಿತವರ ಮುಂದೆ ಮಣ್ಣು ಹೊರುವುದೇ? ಹಲ್ಲು ಕಚ್ಚಿ ಕಡಿದೆ. ಮಧ್ಯಾಹ್ನ ಕಳೆಯಿತು, ಕಣ್ಣು ಕತ್ತಲಿಟ್ಟಿತು. ಎರಡಾಳು ದಪ್ಪದ ಗೋಡೆಯಲ್ಲಿ ಸಿಕ್ಕಿದ್ದು ಬರೀ ಇಟ್ಟಿಗೆ. ನಿಜ ಹೇಳುತ್ತೇನೆ, ಹೆದರಿದೆ.

ಹೊತ್ತು ಇಳಿಯುವಾಗ ಒಂದು ಇಟ್ಟಿಗೆ ಅಲುಗಿತು. ಅದರ ಹಿಂದೆ ಪೊಟರೆ. ಕೈ ಹಾಕಿದೆ. ಕೊಡದಷ್ಟು ಎತ್ತರದ, ಆರು ಮುಖದ ಸುಟ್ಟಮಣ್ಣಿನ ಕಂಬ, ಮೈತುಂಬ ಅಕ್ಷರ! ನಾಚಿಕೆ ಬಿಟ್ಟು ಅತ್ತೆ.

ಹಳೆಯ ಲಿಪಿ ಓದಬಲ್ಲ ಶಮಿರಾಮ್ ಮೇಡಂ ಓಡಿಬಂದು ಮಣ್ಣಲ್ಲೇ ಕೂತರು. "'ನನ್ನ ನೊಗಕ್ಕೆ ಕೊರಳು ಕೊಡದ ಯೆಹೂದದ ಹಿಜ್ಕೀಯ...'"

"ಹಿಜ್ಕೀಯ? ಇಗರ್ಜೀಲಿ ಪಾದ್ರಿ ಬೈಬಲಿಂದ ಓದ್ತಾರಲ್ಲ, ಆ ರಾಜನೇನಾ?" ಎಂದೆ.

"ಅವನೇ! ನಲವತ್ತಾರು ಕೋಟೆ ಹಿಡಿದೆ ಅಂತಾನೆ ನಮ್ಮ ರಾಜ. ಹಿಜ್ಕೀಯನ್ನ ಯೆರೂಸಲೇಮಿನೊಳಗೆ ಪಂಜರದ ಹಕ್ಕಿ ಹಾಗೆ ಕೂಡಿಹಾಕಿದೆ ಅಂತಾನೆ."

"ಆಮೇಲೆ? ಯೆರೂಸಲೇಮ್ ಹಿಡಿದ್ನಾ?"

ಅವರು ಆರೂ ಮುಖ ತಿರುಗಿಸಿ ನೋಡಿದರು. "ಇಲ್ಲ ಕಣಪ್ಪ. ಹಿಡಿದೆ ಅಂತ ಎಲ್ಲೂ ಇಲ್ಲ."

ದಿಬ್ಬವೇ ಹಾರಿಹೋಗುವಂತೆ ಕೂಗಿದೆವು. "ಜಂಬದ ಕೋಳಿ! ಹಿಡಿದಿದ್ರೆ ಬಿಡ್ತಿದ್ನಾ, ಊರಿಗೆಲ್ಲ ಡಂಗುರ ಹೊಡೀತಿದ್ದ!" ಯೆರೂಸಲೇಮ್ ಬೀಳಲಿಲ್ಲ ಎಂದು ಬೈಬಲು ಹೇಳುವುದಕ್ಕೆ ನಮ್ಮ ಅಸ್ಸೀರಿಯದ ರಾಜನೇ ಬಾಯಿ ಮುಚ್ಚಿಕೊಂಡು ಸಾಕ್ಷಿ ನುಡಿದಿದ್ದ. ರಕ್ತದಿಂದ ಆ ರಾಜ, ನಂಬಿಕೆಯಿಂದ ಹಿಜ್ಕೀಯ, ಎರಡೂ ಕಡೆಯವರು ನಮ್ಮವರೇ. ನನಗಂತೂ ಹೆಮ್ಮೆ ಎದೆಯಲ್ಲಿ ಹಿಡಿಸಲಿಲ್ಲ.

ಸೂರ್ಯ ಮುಳುಗುವ ಮುಂಚೆ ಜರ್ಜೀಸ್ ಹತ್ತಿರ ಬಂದ. ಎಲ್ಲರೂ ಕೇಳುತ್ತಿದ್ದರು.

"ಖೋಶಾಬಾ ಅಣ್ಣ, ನಾಳೆ ಎಲ್ಲಿ ಕಡಿಯೋಣ?"

ಅವನ ಬಾಯಲ್ಲಿ 'ಅಣ್ಣ' ಬಂದದ್ದು ಅದೇ ಮೊದಲು. ಕೇಳಿಸಲೇ ಇಲ್ಲವೆಂಬಂತೆ ನಿಂತೆ, ಇನ್ನೊಮ್ಮೆ ಕೇಳಲಿ ಎಂದು.