ಬಿದಿರು ಹಾರ್ನಿನ ಪರೀಕ್ಷೆ

ಹೊಸಪೇಟೆಯ ಜಡೆಪ್ಪ ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆಲ್ಲ ‘ಹಾರ್ನ್ ಒಂದು ಮುಗೀಲಿ ತಡೀರಿ’ ಎನ್ನುತ್ತಿದ್ದ. ಹಾರ್ನ್ ಮುಗಿಯುವ ಹೊತ್ತಿಗೆ ಅವನಿಗೆ ಅರವತ್ತೊಂದು ತುಂಬಿತ್ತು. ಕೇಳುವವರೂ ಕೇಳುವುದನ್ನು ಬಿಟ್ಟು ತಮ್ಮ ತಮ್ಮ ಮೊಮ್ಮಕ್ಕಳನ್ನು ಆಡಿಸುತ್ತಿದ್ದರು.

ಅವನ ಅಂಗಡಿ ಕಾಲುವೆ ಬದಿಯ ಓಣಿಯಲ್ಲಿ. ಹೆಸರಿಗೆ ಸ್ಪೀಕರ್ ರಿಪೇರಿ. ಹರಿದ ಕೋನ್ ಅಂಟಿಸುವುದು, ಸುಟ್ಟ ಕಾಯಿಲ್ ಬದಲಿಸುವುದು, ಶಾಲೆಗೋ ಮಠಕ್ಕೋ ಹೊಸ ಬಾಕ್ಸ್ ಮಾಡಿಕೊಡುವುದು, ಇಷ್ಟು ಹೊಟ್ಟೆಪಾಡು. ಜೀವವೆಲ್ಲ ಇದ್ದದ್ದು ಮಾತ್ರ ಒಂದೇ ಹಟದಲ್ಲಿ. ಕಂಬಕ್ಕೆ ಕಟ್ಟುವ ತಗಡಿನ ಹಾರ್ನ್ ಅವನ ಜನ್ಮವೈರಿ. ಅದರಲ್ಲಿ ಎಂಥ ಗಂಡಸಿನ ದನಿಯೂ ಮೂಗಿನಿಂದ ಬಂದಂತೆ ಬರುತ್ತದೆ, ಅರ್ಧ ಸದ್ದು ಆಕಾಶಕ್ಕೆ ಹೋಗಿ ಹಾಳಾಗುತ್ತದೆ. ‘ಮ್ಯಾಲೆ ಯಾರದಾರ ಕೇಳಾಕ? ಕಾಗಿ, ಗಿಣಿ!’ ಎಂದು ಕಂಡಕಂಡವರ ತಲೆ ತಿನ್ನುತ್ತಿದ್ದ.

ಅವನು ಮಾಡಿದ ಹಾರ್ನಿನ ಬಾಯಿ ಆಳೆತ್ತರ, ಅಗಲ ಒಂದೇ ಗೇಣು. ಬಾಯಿ ಎತ್ತರವಾದಷ್ಟೂ ಸದ್ದು ಮೇಲಕ್ಕೆ ಕೆಳಕ್ಕೆ ಚೆಲ್ಲುವುದಿಲ್ಲ, ಕಿರಿದಾದಷ್ಟೂ ಎಡಕ್ಕೆ ಬಲಕ್ಕೆ ಹರಡುತ್ತದೆ. ಬದು ಒಡೆದು ಬಿಟ್ಟ ನೀರು ಮಡಿಯ ತುಂಬ ಹರಡುವ ಹಾಗೆ ಮಾತು ಹೊಲದ ಮೇಲೆ ಹರಡಬೇಕು ಎಂಬುದು ಅವನ ಲೆಕ್ಕ. ತಗಡು ಝಣಗುಟ್ಟುತ್ತದೆ, ಪ್ಲೈವುಡ್ ಹೇಳಿದ ಹಾಗೆ ಬಾಗುವುದಿಲ್ಲ. ಒಮ್ಮೆ ಹಂಪಿಯ ಹೊಳೆದಂಡೆಯಲ್ಲಿ ಹರಿಗೋಲು ಹೆಣೆಯುವುದನ್ನು ನೋಡುತ್ತ ನಿಂತವನು ಸಂಜೆ ಮನೆಗೆ ಬಿದಿರ ಸೀಳಿನ ಹೊರೆಯೊಂದಿಗೆ ಬಂದ. ಬಿದಿರು ಹೆಣೆದು ಒಳಗೂ ಹೊರಗೂ ಫೈಬರ್ ಬಳಿದರೆ ಬೇಕಾದ ಹಾಗೆ ಬಾಗುತ್ತದೆ, ಗುದ್ದಿದರೂ ಝಣ್ ಎನ್ನುವುದಿಲ್ಲ. ಆರು ವರ್ಷದಲ್ಲಿ ಹನ್ನೊಂದು ಹೆಣೆದ. ಹತ್ತು ಅಟ್ಟ ಸೇರಿದವು.

ಈ ಎರಡು ವರ್ಷದಿಂದ ಅಂಗಡಿ ಬಣಗುಡುತ್ತಿತ್ತು. ಮೊದಲು ಅವನ ಬಾಕ್ಸ್ ಎಂದರೆ ಕಂಪ್ಲಿ, ಸಂಡೂರಿನ ತನಕ ಹೆಸರು. ಈಗ ಒಯ್ದವರು ತಿರುಗಿ ಬರುತ್ತಿರಲಿಲ್ಲ. ಎದುರಿಗೆ ಮಾತ್ರ ಎಲ್ಲರೂ ‘ಮಸ್ತ್ ಐತ್ರಿ’ ಎಂದೇ ಹೊತ್ತುಕೊಂಡು ಹೋಗುತ್ತಿದ್ದರು. ಜನಕ್ಕೆ ಎದೆ ಗುದ್ದುವ ಡಿಜೆ ಬೇಕು, ಕಾಲವೇ ಕೆಟ್ಟಿತು ಎಂದು ಜಡೆಪ್ಪ ಮೂಗು ಮುರಿದ. ಈಗಿನವರಿಗೆ ಬಾಯಿ ಬಿಟ್ಟು ಮಾತಾಡುವುದೂ ಮರೆತಿದೆ, ಬಾಯಲ್ಲಿ ಗುಟಕಾ ಇಟ್ಟುಕೊಂಡು ಗೊಣಗುತ್ತಾರೆ ಎಂಬುದು ಅವನ ಇನ್ನೊಂದು ದೂರು.

ಅಂಗಡಿಯಲ್ಲಿ ಮಾತಿಗೆ ಅಂತ ಇದ್ದವಳು ಮಲಪನಗುಡಿಯ ಲಲಿತಾ ಒಬ್ಬಳೇ. ಹದಿನೇಳು ವರ್ಷ ದಿನವೂ ಬಸ್ಸಿಳಿದು ಬಂದು ಕಾಯಿಲ್ ಸುತ್ತಿದವಳು. ಕೂದಲಿನಂಥ ತಂತಿಯನ್ನು ಒಂದರ ಪಕ್ಕ ಒಂದು ಕೂರಿಸುವ ಕೈ ಅವಳದು. ಬಾಕ್ಸನ್ನು ಜಡೆಪ್ಪ ಕೇಳಿ ಪಾಸು ಮಾಡಿದ ಮೇಲೆ ಮುಂದೆ ಬಟ್ಟೆ ಬಿಗಿದು, ಹಿಂದಿನ ಮುಚ್ಚಳಕ್ಕೆ ಸ್ಕ್ರೂ ಹಾಕಿ ಕಳಿಸುವುದೂ ಅವಳ ಪಾಲಿನ ಕೆಲಸ. ಎರಡು ವರ್ಷದ ಹಿಂದೆ ಒಂದು ದಿನ, ಗಿರಾಕಿಯ ಎದುರಿಗೇ, ‘ಅಣ್ಣಾ, ಇದರ ಸದ್ದು ಕಿವಿಗೆ ಭಾಳ ಚುಚ್ತೈತಿ, ಒಂಚೂರು ಇಳಸ್ರಿ’ ಎಂದುಬಿಟ್ಟಳು. ಜಡೆಪ್ಪನಿಗೆ ಮೈಯೆಲ್ಲ ಉರಿಯಿತು.

‘ಕಾಯಿಲ್ ಸುತ್ತಾಕಿಗೆ ಕಿವಿ ಯಾವಾಗ ಬಂತು? ನಿನ್ನ ಕೆಲಸ ನೀ ನೋಡು.’

ಲಲಿತಾ ಅರ್ಧವಾಗಿದ್ದ ಕಾಯಿಲನ್ನು ಪೂರ್ತಿ ಸುತ್ತಿ, ಕೈ ತೊಳೆದುಕೊಂಡು, ಬುತ್ತಿಯ ಡಬ್ಬಿ ಎತ್ತಿಕೊಂಡು ಹೋದಳು. ಮರುದಿನ ಬರಲಿಲ್ಲ. ಬರುತ್ತಾಳೆ ಬಿಡು, ಎಲ್ಲಿ ಹೋಗುತ್ತಾಳೆ ಎಂದು ಜಡೆಪ್ಪ ಒಂದು ವಾರ ಎರಡು ಚಹಾ ಹೇಳಿದ. ಆಮೇಲೆ ಒಂದೇ ಹೇಳತೊಡಗಿದ.

ಹನ್ನೊಂದನೆಯ ಹಾರ್ನಿಗೆ ಕೊನೆಗೂ ಒಂದು ಊರು ಸಿಕ್ಕಿತು. ಕಂಪ್ಲಿ ತಾಲೂಕಿನ ಮೆಟ್ರಿಯಲ್ಲಿ ಕಾಲುವೆ ನೀರಿನ ಪಾಳಿ ತಿಳಿಸುವುದು ದಿನದ ಗೋಳು. ತುದಿಹೊಲದವರಿಗೆ ಸಿಗ್ನಲ್ ಸಿಗುವುದಿಲ್ಲ, ಸಿಕ್ಕರೂ ಫೋನು ಬದುವಿನ ಮೇಲೆ ಬಿಚ್ಚಿಟ್ಟ ಅಂಗಿಯ ಜೇಬಿನಲ್ಲಿರುತ್ತದೆ. ಪಾಳಿ ತಪ್ಪಿದರೆ ಜಗಳ. ನೀರಿನ ಸಂಘದ ಅಧ್ಯಕ್ಷ ಸಿದ್ದಲಿಂಗೇಶ್ ಅಂಗಡಿಗೇ ಬಂದು ಹಾರ್ನನ್ನು ಕೆಳಗಿನಿಂದ ಮೇಲಿನ ತನಕ ನೋಡಿದ.

‘ಒಂದ್ಸಲ ಹಚ್ಚಿ ತೋರಸ್ರಿ ಜಡೆಪ್ಪಣ್ಣ. ನಮಗ ಒಪ್ಪಿದ್ರ ಸುತ್ತಿನ ಊರಿನವ್ರೂ ಕೇಳ್ತಾರ.’

ಅಂದರೆ, ಮೆಟ್ರಿ ಬೇಡವೆಂದರೆ ಯಾವ ಊರೂ ಕೇಳುವುದಿಲ್ಲ. ಹನ್ನೆರಡನೆಯದನ್ನು ಹೆಣೆಯುವ ಕಸುವು ತನ್ನ ಬೆರಳಲ್ಲಿ ಉಳಿದಿಲ್ಲ ಎಂದು ಜಡೆಪ್ಪನಿಗೆ ಗೊತ್ತಿತ್ತು. ಹೆಂಡತಿಯಿಲ್ಲ, ಮಕ್ಕಳಿಲ್ಲ. ಇದೊಂದು ಗೆದ್ದರೆ, ಇದನ್ನು ಮಾಡಿದವನು ಜಡೆಪ್ಪ ಎಂದು ಯಾರಾದರೂ ನಾಲ್ಕು ಜನರ ಮುಂದೆ ಹೆಸರು ಹಿಡಿದು ಹೇಳಿಯಾರು. ಅಷ್ಟು ಸಾಕು, ಅಷ್ಟಾದರೂ ಬೇಕು ಎಂದು ಅವನು ನಾಚಿಕೆ ಬಿಟ್ಟು ಆಸೆಪಟ್ಟ.

ಪರೀಕ್ಷೆಯ ದಿನ ಬೆಳಿಗ್ಗೆ ಸಂಘದ ಕಟ್ಟೆಯ ಮೇಲೆ ಹಾರ್ನ್ ನಿಲ್ಲಿಸಿ, ಮೈಕನ್ನು ಸಿದ್ದಲಿಂಗೇಶನ ಕೈಗೆ ಕೊಟ್ಟು, ಜಡೆಪ್ಪ ಹೊಲದೊಳಕ್ಕೆ ಓಡಿದ. ಆಹಾ, ಅಕ್ಷರ ಅಕ್ಷರವೂ ಬಿಡಿಬಿಡಿ! ಬರಬರುತ್ತ ಎಲ್ಲರ ಮಾತೂ ಮಸುಕಾಗಿದ್ದ ಅವನಿಗೆ ಎಷ್ಟೋ ವರ್ಷದ ಮೇಲೆ ಒಬ್ಬ ಮನುಷ್ಯ ನೆಟ್ಟಗೆ ಮಾತಾಡಿದ್ದು ಕೇಳಿಸಿತು. ಕಣ್ಣು ತುಂಬಿ ಬಂತು. ತಿರುಗಿ ನೋಡಿದರೆ, ಕಟ್ಟೆಯ ಎದುರು ಮನೆಯ ಹೊಳೆಮ್ಮ ಸೆರಗಿನಿಂದ ಎರಡೂ ಕಿವಿ ಮುಚ್ಚಿಕೊಂಡಿದ್ದಾಳೆ. ಗೂಟಕ್ಕೆ ಕಟ್ಟಿದ ಎತ್ತು ಹಗ್ಗ ಜಗ್ಗುತ್ತಿದೆ.

‘ಎಪ್ಪಾ, ನಿಲ್ಲಸ್ರಿ! ಕಿವ್ಯಾಗ ದಬ್ಬಣ ಹಾಕಿದಂಗ ಆಗ್ತೈತಿ!’ ಎಂದು ಅವಳು ಕೂಗಿದಳು.

ಸಿದ್ದಲಿಂಗೇಶ್ ಮೃದು ಮನುಷ್ಯ. ಮೈಕ್ ಕೆಳಗಿಟ್ಟು, ಕಟ್ಟೆಗೆ ಓಡಿ ಬಂದ ಜಡೆಪ್ಪನ ಹೆಗಲ ಮೇಲೆ ಕೈ ಹಾಕಿದ. ‘ದೂರ ಹೋಗೋದು ಖರೆ... ನೋಡೂಣ್ರಿ. ಸಂಘದಾಗ ಮಾತಾಡಿ ಹೇಳ್ತೀವಿ.’

ನೋಡೋಣ ಎಂದರೆ ಏನೆಂದು ನಲವತ್ತು ವರ್ಷ ಅಂಗಡಿ ನಡೆಸಿದವನಿಗೆ ಬಿಡಿಸಿ ಹೇಳಬೇಕೆ? ಹಾರ್ನ್ ಟೆಂಪೋ ಹತ್ತಿತು. ದಾರಿಯುದ್ದಕ್ಕೂ ಜಡೆಪ್ಪ ಮೆಟ್ರಿಯವರ ಕಿವಿಗಳಿಗೆ ಮನಸ್ಸಿನಲ್ಲೇ ಬೈದ. ಹೊಸಪೇಟೆ ಬರುವ ಹೊತ್ತಿಗೆ ಬೈಗುಳ ಮುಗಿದು, ಬರೀ ದುಃಖ ಉಳಿಯಿತು.

ಆ ವಾರವೇ ಕಂಪ್ಲಿಯ ಶಾಲೆಯೊಂದರಿಂದ ಹಳೆಯ ಬಾಕ್ಸ್ ರಿಪೇರಿಗೆ ಬಂತು. ಎಂಟು ವರ್ಷದ ಹಿಂದೆ ಜಡೆಪ್ಪನೇ ಮಾಡಿದ್ದು, ಇಲಿ ಕೋನ್ ಕಡಿದಿತ್ತು. ಹಿಂದಿನ ಮುಚ್ಚಳ ಬಿಚ್ಚಿದವನು ಹಾಗೇ ನಿಂತ. ಚೂಪಾದ ಸದ್ದುಗಳನ್ನು ನುಡಿಸುವ ಟ್ವೀಟರಿಗೆ ಹೋಗುವ ತಂತಿಯ ನಡುವೆ ಬೆರಳ ತುದಿಯಷ್ಟು ಬಿಳಿಯ ರೆಸಿಸ್ಟರ್ ಒಂದು ಕೂತಿತ್ತು. ಸದ್ದಿನ ಚೂಪು ತಗ್ಗಿಸಬೇಕಾದಾಗ ಹಾಕುವ ತುಣುಕು ಅದು. ಜಡೆಪ್ಪ ಅದನ್ನು ಹಾಕಿರಲಿಲ್ಲ. ಬೆಸುಗೆಯ ಮೇಲೆ ದಾರ ಸುತ್ತಿ ಗಂಟು ಬಿಗಿದಿತ್ತು. ಹಾಗೆ ದಾರ ಬಿಗಿಯುವವರು ಕಾಯಿಲ್ ಸುತ್ತುವವರು.

ಅಂಗಡಿಯಲ್ಲಿದ್ದ ಇನ್ನೆರಡು ಹಳೆಯ ಬಾಕ್ಸ್ ಬಿಚ್ಚಿದ. ಅವುಗಳಲ್ಲೂ ಅದೇ ತುಣುಕು, ಅದೇ ಗಂಟು. ಹೋದ ವರ್ಷ ಮಾಡಿ ಮಾರಾಟವಾಗದೆ ಉಳಿದದ್ದನ್ನು ಬಿಚ್ಚಿದ. ಇರಲಿಲ್ಲ.

ಜಡೆಪ್ಪ ಫೋನು ತೆಗೆದ. ಸ್ಪೀಕರ್ ಪರೀಕ್ಷೆಗೆಂದು ಫೋನಿನಲ್ಲಿ ಸೀಟಿಯ ದನಿ ಮೆಲ್ಲಗೆ ಏರಿಸುತ್ತ ಹೋಗುವ ಆಪ್ ಒಂದಿತ್ತು. ತನ್ನ ಕಿವಿಯನ್ನೇ ಪರೀಕ್ಷಿಸಲು ಅವನು ಯಾವತ್ತೂ ಅದನ್ನು ಹಚ್ಚಿರಲಿಲ್ಲ. ಈಗ ಹಚ್ಚಿ ಕೂತ. ಸೀಟಿ ಏರಿತು, ಏರಿತು, ಮೂರು ಸಾವಿರ ಹರ್ಟ್ಜ್ ದಾಟಿದ ಸ್ವಲ್ಪಕ್ಕೇ ನಿಂತುಹೋಯಿತು. ಫೋನು ಕೆಟ್ಟಿತೇನೋ ಎಂದು ತಿರುಗಿಸಿ ನೋಡಿದ. ಅಂಕಿ ಇನ್ನೂ ಏರುತ್ತಲೇ ಇತ್ತು, ಐದು ಸಾವಿರ, ಎಂಟು ಸಾವಿರ. ಬಾಗಿಲಲ್ಲಿ ಮಲಗಿದ್ದ ಬೀದಿನಾಯಿ ಎದ್ದು ಕೂತು, ಕಿವಿ ನಿಮಿರಿಸಿ, ಫೋನನ್ನೇ ನೋಡುತ್ತಿತ್ತು.

ತನ್ನ ಕಿವಿ ಎಲ್ಲಿ ಕೈಬಿಟ್ಟಿದೆಯೋ ಅಲ್ಲೆಲ್ಲ ಸದ್ದು ಏರಿಸಿ, ಏರಿಸಿ, ಅದು ತನಗೆ ಸರಿಯೆನಿಸಿದಾಗ ಪಾಸು ಮಾಡಿ ಊರಿಗೆಲ್ಲ ಕೊಟ್ಟಿದ್ದ. ನಲವತ್ತು ವರ್ಷ ಹಾರ್ನಿನ ಬಾಯೊಳಗೆ ತಲೆಯಿಟ್ಟು ಪರೀಕ್ಷೆ ಮಾಡಿದ್ದಕ್ಕೆ ಸಿಕ್ಕಿದ ಬಳುವಳಿ ಅದು. ಆ ಮಧ್ಯಾಹ್ನ ಅವನಿಗೆ ಊಟ ಸೇರಲಿಲ್ಲ. ಮಲಪನಗುಡಿಯ ಬಸ್ ಹತ್ತಿದ.

ಲಲಿತಾ ಮನೆಯ ಪಡಸಾಲೆಯಲ್ಲಿ ಕೂತು ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತುತ್ತಿದ್ದಳು. ಸುತ್ತಲೂ ರೈತರು ತಂದಿಟ್ಟ ಇನ್ನೂ ಐದಾರು ಮೋಟಾರು. ಅವನನ್ನು ನೋಡಿ ಎದ್ದು ನಿಂತಳು.

‘ಬರ್ರಿ ಅಣ್ಣಾ, ಕುಂದ್ರಿ. ನೀರು ಕುಡೀರಿ.’

ಜಡೆಪ್ಪ ಕೂರಲಿಲ್ಲ. ಅಂಗೈಯಲ್ಲಿದ್ದ ಬಿಳಿಯ ತುಣುಕನ್ನು ಮುಂದೆ ಹಿಡಿದ. ‘ಎಷ್ಟು ಬಾಕ್ಸಿಗೆ ಹಾಕೀದಿ ಇದನ್ನ?’

ಲಲಿತಾ ಕೈಯಲ್ಲಿದ್ದ ತಂತಿಯನ್ನು ಕೆಳಗಿಟ್ಟಳು. ‘ನಾ ಇದ್ದ ಕಡೀ ಏಳು ವರ್ಷದ್ದು, ಎಲ್ಲಾದಕ್ಕೂ.’

‘ನನಗ ಯಾಕ ಹೇಳ್ಲಿಲ್ಲ?’

‘ಏನಂತ ಹೇಳ್ಲಿ ಅಣ್ಣಾ? ನಿಮ್ಮ ಕಿವಿ ಹೋಗ್ಯಾವ ಅಂತ ಹೇಳ್ಲ್ಯಾ? ನೀವು ಕಿವೀನ ನಂಬಿ ಬದುಕಿದವ್ರು. ನೀವು ಪಾಸ್ ಮಾಡಿದ ಮ್ಯಾಲೆ ಒಂದು ತುಣುಕು ಹಾಕಿದ್ರ ಯಾರ ಗಂಟು ಹೊಕ್ಕೈತಿ ಅಂತ ಹಾಕ್ಕೋಂತ ಬಂದ್ನಿ. ಅವತ್ತು ಆ ಗಿರಾಕಿ ಗಾಡಿ ನಿಲ್ಲಿಸ್ಕೊಂಡು ಜಲ್ದಿ ಜಲ್ದಿ ಅಂತಿದ್ದ, ಮುಚ್ಚಳ ತಗ್ಯಾಕ ಆಗ್ಲಿಲ್ಲ. ಅದಕ್ಕ ಬಾಯಿ ಬಿಟ್ನಿ.’

ಎಲ್ಲರೂ ಹೊಗಳುತ್ತಿದ್ದ ಆ ಏಳು ವರ್ಷದ ಸದ್ದು ತನ್ನದಲ್ಲ ಎಂಬುದು ಜಡೆಪ್ಪನ ತಲೆಗೆ ಆಗ ಇಳಿಯಿತು. ಅದಕ್ಕಿಂತ ಹೆಚ್ಚಾಗಿ, ತನ್ನ ಮಾನ ಕಾಯ್ದವಳನ್ನು ತಾನೇ ಅಟ್ಟಿದೆನಲ್ಲ ಎಂಬ ಸಂಕಟ.

‘ಅವತ್ತಿನ ಮಾತು ತಪ್ಪಾತವ್ವಾ ಲಲಿತಾ. ಭಾಳ ತಪ್ಪಾತು. ತಿರುಗಿ ಬಾ ಅಂಗಡಿಗೆ. ನೀ ಹೆಂಗ ಹೇಳ್ತಿ ಹಂಗ.’

ಲಲಿತಾ ಮೋಟಾರುಗಳ ಕಡೆ ನೋಡಿದಳು. ‘ಅಂಗಡಿಗೆ ಬರಂಗಿಲ್ಲ ಅಣ್ಣಾ. ಇದು ನನ್ನ ಸ್ವಂತದ್ದು, ಇಲ್ಲಿ ನನಗ ಯಾರೂ ಏನೂ ಅನ್ನಂಗಿಲ್ಲ. ಬಿದಿರು ಹಾರ್ನ್ ಏನಾತು, ಅದನ್ನ ಹೇಳ್ರಿ.’ ಮೆಟ್ರಿಯ ಕಥೆ ಕೇಳಿ, ‘ಐತವಾರ ಬರ್ತೀನಿ. ಅದೊಂದು ದಿನ ಅಷ್ಟ’ ಎಂದಳು.

ಸಿದ್ದಲಿಂಗೇಶನಿಗೆ ಫೋನು ಮಾಡಿ ಇನ್ನೊಂದು ಅವಕಾಶ ಬೇಡಿದ. ಬೇಡುವುದು ಜಡೆಪ್ಪನಿಗೆ ಹೊಸದು.

ಐತವಾರ ಬೆಳಿಗ್ಗೆ ಹಾರ್ನ್ ಮತ್ತೆ ಕಟ್ಟೆಯ ಮೇಲೆ ನಿಂತಿತು. ಲಲಿತಾ ಸೀರೆ ಎತ್ತಿ ಕಟ್ಟಿ, ಕೆಸರು ಬದುವಿನ ಮೇಲೆ ನಡೆಯುತ್ತ ಹೊಲದ ನಡುವೆ ಹೋಗಿ ನಿಂತಳು. ಅವಳು ಕೈ ಕೆಳಗೆ ತೋರಿಸಿದರೆ ಇನ್ನೊಂದು ತುಣುಕು ಸೇರಿಸಬೇಕು, ಕೈ ಎತ್ತಿದರೆ ಸಾಕು. ಸಂಘದವನೊಬ್ಬ ಮೈಕಿನಲ್ಲಿ ಪಾಳಿಯ ಪಟ್ಟಿ ಓದತೊಡಗಿದ.

ಜಡೆಪ್ಪ ಹಾರ್ನಿನ ತಂತಿಗೆ ಮೊದಲ ತುಣುಕು ಹಾಕಿ ಸ್ಕ್ರೂ ಬಿಗಿದ. ಕೈ ಕೆಳಗೆ ಬಂತು. ಎರಡನೆಯದು. ಹೊಳೆಮ್ಮ ಕಿವಿಯಿಂದ ಸೆರಗು ತೆಗೆದಳು. ಜಡೆಪ್ಪನಿಗೆ ಇನ್ನೂ ಮಾತು ತಿಳಿಯುತ್ತಿತ್ತು, ಕಷ್ಟಪಟ್ಟರೆ ತಿಳಿಯುತ್ತಿತ್ತು. ಇಲ್ಲಿಗೆ ನಿಲ್ಲಲಿ ದೇವರೇ ಎಂದುಕೊಂಡ. ಲಲಿತಾಳ ಕೈ ಮತ್ತೆ ಕೆಳಗೆ ಬಂತು.

ಮೂರನೆಯ ತುಣುಕನ್ನು ಬೆರಳಲ್ಲಿ ಹಿಡಿದು ಅವನು ಬಹಳ ಹೊತ್ತು ನಿಂತ. ಅವಳಿಗೆ ಕಾಣುವುದಿಲ್ಲ, ತುಣುಕು ಮುಗಿದವು ಎಂದರೆ ಮುಗಿಯಿತು. ಇದೇ ಸಾಕು, ಇಷ್ಟು ಚೂಪಿಗೆ ಯಾರೂ ಸಾಯುವುದಿಲ್ಲ ಎಂದು ಒಳಗಿನ ಹಳೆಯ ಜಡೆಪ್ಪ ಗೊಣಗಿದ. ಆರು ವರ್ಷ ಹೆಣೆದವನು ನಾನು, ನನಗೇ ಕೇಳಿಸದಂತೆ ನಾನೇ ಮಾಡಲೇ ಎಂದ. ಜಡೆಪ್ಪ ಸ್ಕ್ರೂ ಸಡಿಲಿಸಿದ, ತುಣುಕು ಕೂರಿಸಿದ, ಬಿಗಿದ.

ಪಟ್ಟಿ ಓದುವ ದನಿ ಅವನ ಪಾಲಿಗೆ ಕಂಬಳಿ ಹೊದ್ದುಕೊಂಡಿತು. ಹೊಲದ ನಡುವೆ ಲಲಿತಾ ಕೈ ಮೇಲೆತ್ತಿದಳು.

ಸಿದ್ದಲಿಂಗೇಶನ ಮುಖ ಅರಳಿದ್ದನ್ನು ಜಡೆಪ್ಪ ನೋಡಿದ. ತುದಿಹೊಲದಲ್ಲಿ ಒಬ್ಬ ತನ್ನ ಪಾಳಿ ಕೇಳಿ ಸನಿಕೆ ಎತ್ತಿ ತೋರಿಸಿದ, ಅದರಾಚೆ ಇನ್ನೊಬ್ಬ ಟವೆಲ್ ಬೀಸಿದ. ಎತ್ತು ಮೆಲುಕು ಹಾಕುತ್ತಿತ್ತು. ಎಲ್ಲರಿಗೂ ಎಲ್ಲವೂ ಸರಿಯಾಗಿ ಕೇಳಿಸುತ್ತಿತ್ತು. ಹಾರ್ನ್ ಗೆದ್ದಿತ್ತು. ಅಷ್ಟು ಜನರ ನಡುವೆ ಜಡೆಪ್ಪನಿಗೆ ತಾನೊಬ್ಬನೇ ಹೊಳೆಯ ಆಚೆ ದಂಡೆಯಲ್ಲಿ ನಿಂತಂತೆ ಅನ್ನಿಸಿತು. ಗುಂಪಿನಿಂದ ಸರಿದು ಹೊಳೆಮ್ಮನ ಮನೆಯ ಗೋಡೆಗೆ ಒರಗಿ ನಿಂತ.

ಸಿದ್ದಲಿಂಗೇಶ್ ಮೈಕನ್ನು ತಾನು ಇಸಕೊಂಡು ಏನೋ ಹೇಳಿದ. ಚಿಕ್ಕ ಮಾತು. ಹೇಳಿ ಮುಗಿಸಿ ನಗುತ್ತ ಈ ಕಡೆ ತಿರುಗಿದ. ಕಟ್ಟೆಯ ಮೇಲಿದ್ದವರೆಲ್ಲ ಈ ಕಡೆಗೇ ನೋಡಿದರು, ಹೊಲದಲ್ಲಿ ಬಗ್ಗಿದ್ದವರು ನೆಟ್ಟಗಾಗಿ ಚಪ್ಪಾಳೆ ತಟ್ಟಿದರು. ಜಡೆಪ್ಪ ತನ್ನ ಹಿಂದೆ ಯಾರಿದ್ದಾರೆಂದು ತಿರುಗಿ ನೋಡಿದ. ಗೋಡೆ ಇತ್ತು.

‘ಏನಂದ್ರು ತಂಗಿ?’ ಎಂದು ಹೊಳೆಮ್ಮನ ಕಡೆ ಬಗ್ಗಿ ಮೆಲ್ಲಗೆ ಕೇಳಿದ.

ಹೊಳೆಮ್ಮ ಅವನ ಮುಖವನ್ನೇ ನೋಡಿದಳು. ಆಮೇಲೆ ಅವನ ಕಿವಿಯ ಹತ್ತಿರ ಬಂದು, ಬಿಡಿಸಿ ಬಿಡಿಸಿ, ಗಟ್ಟಿಯಾಗಿ ಹೇಳಿದಳು:

‘ನಿಮ್ಮ ಹೆಸರ್ರೀ ಎಪ್ಪಾ. ನಿಮ್ಮ ಹೆಸರ ಹೇಳಿದ್ರು.’